ಬಾವಿಗೆ ಬಿಟ್ಟ ಪೈಪು

ನನ್ನ ಬಾಯಿ ಜೋರು ಅಂತ ನಮ್ಮ ಬಟವಾಡಿ ಬಡಾವಣೆಯಲ್ಲಿ ಎಲ್ಲರಿಗೂ ಗೊತ್ತು. ಫಾಲ್-ಪಿಕೋ ಅಂಗಡಿ ಇಟ್ಟುಕೊಂಡವಳಿಗೆ ಬಾಯಿ ಇಲ್ಲದಿದ್ದರೆ ಗಿರಾಕಿಗಳು ಒಂದೇ ಬ್ಲೌಸನ್ನು ಬಿಚ್ಚಿಸಿ ಬಿಚ್ಚಿಸಿ ಹೊಲಿಸಿ ಪ್ರಾಣ ತಿನ್ನುತ್ತಾರೆ. ಆದರೆ ಬಾಯಿ ಜೋರಿದ್ದವಳಿಗೆ ಒಂದು ಕಷ್ಟ ಇದೆ. ಅವಳು ನಿಜವಾಗಿ ಹೆದರಿ ಮಾತಾಡಿದ ದಿನವೂ ಮನೆಯವರು, ಇದು ದಿನಾ ಇದ್ದದ್ದೇ ಎಂದುಕೊಂಡು ಕಾಫಿ ಕುಡಿಯುತ್ತಾ ಕೂತಿರುತ್ತಾರೆ. ಹೋದ ಕಾರ್ತಿಕದಲ್ಲಿ ನಮ್ಮ ಮನೆಯಲ್ಲಿ ಆಗಿದ್ದು ಅದೇ.

ಶುರುವಾಗಿದ್ದು ರಸ್ತೆಯಿಂದ. ಬೇಸಿಗೆಯಲ್ಲಿ ಯಾರೋ ಗುತ್ತಿಗೆದಾರರು ಬಂದು ನಮ್ಮ ಅಡ್ಡರಸ್ತೆಗೆ ಕಾಂಕ್ರೀಟು ಹಾಕಿದರು. ಹಳೇ ಟಾರು ಕಿತ್ತು ಹಾಕಬೇಕೆನ್ನುವ ಮರ್ಯಾದೆಯೂ ಇಲ್ಲದೆ ಅದರ ಮೇಲೆಯೇ ಸುರಿದು ಹೋದರು. ಮನೆ ಕಟ್ಟಿದಾಗ ರಸ್ತೆಯಿಂದ ಮೇಲಕ್ಕೆ ಹತ್ತಿ ಬರುತ್ತಿದ್ದ ನಾವು ಈಗ ಗೇಟಿನಿಂದ ಕೆಳಕ್ಕೆ ಇಳಿದು ಬರುವ ಹಾಗಾಯಿತು. ಮಳೆ ಬಂತೆಂದರೆ ಬೀದಿಯ ನೀರೆಲ್ಲ ಗೇಟಿನ ಕೆಳಗೆ ನುಗ್ಗಿ, ಗಾಡಿ ಬರುವ ದಾರಿಯುದ್ದಕ್ಕೂ ಹರಿದು, ಪೋರ್ಟಿಕೋದ ಮೆಟ್ಟಿಲ ಬುಡದಲ್ಲಿ ನಿಲ್ಲುತ್ತಿತ್ತು. ನಮ್ಮ ಯಜಮಾನರು ಗುರುಪ್ರಕಾಶ್ ಅವರಿಗೆ ಹಿಂಡಿ ಬೂಸಾ ವ್ಯಾಪಾರ. ಅವರ ಗೂಡ್ಸ್ ಆಟೋದ ಚಕ್ರ ಅರ್ಧ ಮುಳುಗುತ್ತಿತ್ತು. ನೀರು ಇಂಗಿದ ಮೇಲೆ ಪಾಚಿ ಕಟ್ಟುತ್ತಿತ್ತು. ನಾನು ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿ ತಿಕ್ಕಿ ಸಾಕಾಗಿ ಹೋಗಿದ್ದೆ.

ಆ ಪಾಚಿಯ ಮೇಲೆಯೇ ಸರ್ವಮಂಗಳಮ್ಮ ಜಾರಿದ್ದು. ನಮ್ಮ ಒಬ್ಬಳೇ ಮಗಳು ದೀಪಿಕಾಳಿಗೆ ಕುಣಿಗಲ್‌ನಿಂದ ಸಂಬಂಧ ಕೂಡಿ ಬಂದಿತ್ತು. ಹುಡುಗ ಸಂಗಮೇಶ್, ಅಲ್ಲಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತಾನೆ, ಒಳ್ಳೆಯವನು. ಅವನ ತಾಯಿ ಈ ಸರ್ವಮಂಗಳಮ್ಮ. ಮದುವೆ ನಿಶ್ಚಯಕ್ಕೆಂದು ರೇಷ್ಮೆ ಸೀರೆ ಉಟ್ಟು ಬಂದವರು ಗೇಟು ದಾಟಿದ್ದೇ ಕಾಲು ಜಾರಿ ಕೂತುಬಿಟ್ಟರು. ಎದ್ದು ಸೆರಗು ಹಿಂಡಿಕೊಳ್ಳುತ್ತಾ, "ಮಗನ್ನ ಕೊಡೋದಕ್ ಮುಂಚೆ ಈಜು ಕಲಿಸ್ಬೇಕಿತ್ತು ನೋಡಿ ಬೀಗರೇ" ಎಂದು ನಕ್ಕರು. ಎಲ್ಲರೂ ನಕ್ಕರು. ನಮ್ಮ ಯಜಮಾನರು ಮಾತ್ರ ನಗಲಿಲ್ಲ. ಕಿವಿ ಕೆಂಪಾಗಿತ್ತು. ಅವರೆಲ್ಲ ಊಟ ಮಾಡಿ ಹೊರಟ ಮೇಲೆ ಇವರು ಕೈ ಒರೆಸಿಕೊಳ್ಳುತ್ತಾ ಒಂದೇ ಮಾತು ಹೇಳಿದರು: "ಚಪ್ಪರದ್ ದಿನ ಆಯಮ್ಮ ಇದೇ ಅಂಗಳದಲ್ಲಿ ಒಣಗಿದ ಕಾಲಲ್ಲಿ ನಿಂತ್ಕೋಬೇಕು."

ಗಣೇಶನ ಹಬ್ಬ ಮುಗಿದ ಮೇಲೆ ಕೊತ್ತಗೆರೆ ಕಡೆಯ ಚಿಕ್ಕಬೋರಯ್ಯನನ್ನು ಕರೆಸಿದರು. ಗಾರೆ ಕೆಲಸದವನು, ಜೊತೆಗೆ ನಾಲ್ಕು ಆಳು ಇಟ್ಟುಕೊಂಡು ಕಾಂಟ್ರಾಕ್ಟು ಮಾಡುತ್ತಾನೆ. ಮಾತಿನ ಮಲ್ಲ. ಗೇಟಿನ ಹತ್ತಿರ ಕೂತು ಒಂದು ಕಣ್ಣು ಮುಚ್ಚಿ ನೋಡಿ, "ನೋಡಣ್ಣ, ರೋಡಿನ ಚರಂಡಿ ನಿಮ್ ಅಂಗಳಕ್ಕಿಂತ ಎತ್ರ ಐತೆ. ನೀರು ಮ್ಯಾಲಕ್ ಹತ್ತಾಕಿಲ್ಲ. ಒಂದು, ಇಡೀ ಅಂಗಳ ಎತ್ತರಿಸ್ಬೇಕು, ಆಗ ನೀರು ಮನೆ ಒಳೀಕ್ ಬತ್ತದೆ. ಇಲ್ಲ, ಮೋಟ್ರು ಮಡಗಿ ಆಚೀಗ್ ಹೊಡೀಬೇಕು" ಎಂದ.

"ಕರೆಂಟ್ ಹೋದಾಗ?" ಎಂದೆ ನಾನು.

"ಆಗ ನೀವೇ ಬಕೀಟ್ ಹಿಡೀಬೇಕು ಅಮ್ಮಾವ್ರೆ."

ಎರಡೂ ಇವರಿಗೆ ಒಪ್ಪಿಗೆಯಾಗಲಿಲ್ಲ. ಅಂಗಳದ ಹಳೇ ಕಾಂಕ್ರೀಟು ಒಡೆಯುವುದಂತೂ ಇದ್ದೇ ಇತ್ತಲ್ಲ, ಆಳುಗಳು ಒಡೆಯುತ್ತಾ ಹೋದರು. ಈಶಾನ್ಯ ಮೂಲೆಯಲ್ಲಿ, ಗೇಟಿನ ಪಕ್ಕ, ಒಂದು ಚಪ್ಪಡಿ ಸಿಕ್ಕಿತು. ಅದನ್ನು ಸರಿಸಿದರೆ ಕೆಳಗೆ ಅಗಲವಾದ ಸಿಮೆಂಟ್ ಪೈಪಿನ ಬಾಯಿ.

ಅದು ಬಾವಿಯ ಪೈಪು. ನಮ್ಮ ಸೈಟು ಹಿಂದೆ ಯಾರದೋ ತೋಟವಾಗಿತ್ತು. ಸಿ.ಎಸ್. ಪುರದಿಂದ ಬಂದು ಈ ಜಾಗ ಕೊಂಡವರು ನಮ್ಮ ಮಾವ ಅಡವಿಯಪ್ಪನವರು. ಅವರು ಬಾವಿ ಮುಚ್ಚಿಸಿದಾಗ ನಾನಿನ್ನೂ ಹೊಸ ಸೊಸೆ. ಬಾವಿಯನ್ನು ಉಸಿರು ಕಟ್ಟಿಸಿ ಮುಚ್ಚಬಾರದು, ಗಂಗಮ್ಮ ಮುನಿಯುತ್ತಾಳೆ ಅಂತ ನಮ್ಮ ಕಡೆ ಒಂದು ನಂಬಿಕೆ. ಹಾಗಾಗಿ ಮಾವನವರು ಬಾವಿಗೆ ಪೂಜೆ ಮಾಡಿಸಿ, ಮಣ್ಣು ತುಂಬುವ ಮೊದಲು ತಳದಿಂದ ನೆಲದವರೆಗೆ ಒಂದು ಪೈಪು ನಿಲ್ಲಿಸಿದ್ದರು. ಗಂಗಮ್ಮ ಉಸಿರಾಡಿಕೊಂಡಿರಲಿ ಅಂತ. ಆಮೇಲೆ ಅದರ ಮೇಲೆ ಅಂಗಳ ಬಂತು, ಗಾಡಿ ಬಂತು, ಮಾವನವರು ಶಿವಾಧೀನರಾದರು. ಪೈಪು ಮರೆತೇ ಹೋಗಿತ್ತು.

ಚಿಕ್ಕಬೋರಯ್ಯ ಒಂದು ಬಕೆಟ್ ನೀರು ಸುರಿದ. ನೀರು ಹೋಯಿತು. ಇನ್ನೊಂದು ಸುರಿದ. ಅದೂ ಹೋಯಿತು. "ಅಣ್ಣೋ, ಗಂಗಮ್ಮ ತಾನಾಗೇ ಬಾಯ್ ತೆರ್ದವ್ಳೆ. ಈಶಾನ್ಯ ಮೂಲೆ, ವಾಸ್ತು ಪ್ರಕಾರ ನೀರು ಹೋಗ್ಬೇಕಾದ್ದೂ ಇಲ್ಲಿಗೇಯ. ಇಡೀ ಅಂಗಳಕ್ಕೆ ಈ ಕಡೀಕೆ ವಾಟ ಕೊಟ್ಬುಡನ. ಗಂಗೆ ಗಂಗೆಗ್ ಸೇರ್ಲಿ" ಎಂದ. ಇವರ ಮುಖ ಅರಳಿತು. ಅಪ್ಪ ಮಾಡಿಟ್ಟು ಹೋದ ಪುಣ್ಯ ಇವತ್ತು ಕೆಲಸಕ್ಕೆ ಬಂತು ಎಂದು ಕಣ್ಣು ಒದ್ದೆ ಮಾಡಿಕೊಂಡರು. ಪೈಪಿನ ಬಾಯಿಗೆ ಅರಿಶಿನ ಕುಂಕುಮ ಇಟ್ಟವಳು ನಾನೇ. ಆವತ್ತು ಅದು ಎಲ್ಲರಿಗೂ ಸರಿಯಾಗಿಯೇ ಕಂಡಿತ್ತು.

ಕೆಲಸ ಚೆನ್ನಾಗಿಯೇ ಆಯಿತು, ಸುಳ್ಳು ಹೇಳಬಾರದು. ಅಂಗಳವೆಲ್ಲ ಹೊಸ ಕಾಂಕ್ರೀಟು, ಎಲ್ಲಿ ನೀರು ಬಿದ್ದರೂ ಮೂಲೆಗೆ ಹರಿಯುವ ಹಾಗೆ ವಾಟ, ಪೈಪಿನ ಬಾಯಿಗೆ ಕಬ್ಬಿಣದ ಜಾಲರಿ. ಜಾಲರಿಯಿಂದ ಮಾರು ದೂರದಲ್ಲಿ ಒಂದು ಗುಂಡಿಯನ್ನೂ ಬಿಡಿಸಿದರು. ಅದು ಹಾಲುಗಂಬಕ್ಕೆ. ಮದುವೆ ಮನೆಯಲ್ಲಿ ಚಪ್ಪರ ಏಳುವ ಮೊದಲು ಅತ್ತಿ ಕೊಂಬೆಯೊಂದನ್ನು ನೆಟ್ಟು, ಬುಡಕ್ಕೆ ಹಾಲು ತುಪ್ಪ ಎರೆದು, ಮುತ್ತೈದೆಯರು ಸುತ್ತ ನಿಂತು ಪೂಜೆ ಮಾಡಬೇಕು. ಈಗೀಗ ಎಲ್ಲರ ಮನೆ ಮುಂದೂ ಟೈಲ್ಸು, ಮಣ್ಣೆಲ್ಲಿದೆ? ಪೇಂಟ್ ಡಬ್ಬಕ್ಕೆ ಮರಳು ತುಂಬಿ ಅದರಲ್ಲಿ ಕೊಂಬೆ ಸಿಕ್ಕಿಸಿ ಶಾಸ್ತ್ರ ಮುಗಿಸುತ್ತಾರೆ. ಇವರಿಗೆ ಅದು ಆಗದು. "ಒಬ್ಳೇ ಮಗ್ಳು. ಡಬ್ಬದಲ್ಲಿ ಕಂಬ ನೆಡಕ್ಕೆ ನಾನೇನ್ ಬಾಡಿಗೆ ಮನೇಲಿದೀನಾ?" ಎಂದರು.

ಮೊದಲ ಮಳೆಗೆ ಇವರು ಛತ್ರಿ ಹಿಡಿದು ಅಂಗಳದಲ್ಲೇ ನಿಂತಿದ್ದರು. ಬೀದಿಯ ನೀರು ನುಗ್ಗಿತು, ಮೂಲೆಗೆ ತಿರುಗಿತು, ಜಾಲರಿಯೊಳಗೆ ಇಳಿಯಿತು. ಒಂದು ಹನಿ ನಿಲ್ಲಲಿಲ್ಲ. ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದರು. ಕುಣಿಗಲ್‌ಗೆ ವಿಡಿಯೋ ಕಳಿಸಿದರು. ನನಗೂ ಖುಷಿಯಾಯಿತು. ಇನ್ನು ಪಾಚಿ ತಿಕ್ಕುವ ಕೆಲಸ ತಪ್ಪಿತು ಅಂತ ಆವತ್ತು ಬೋಂಡ ಕರಿದೆ.

ಮಳೆ ನಿಂತು ಬಹಳ ಹೊತ್ತಾದ ಮೇಲೆ ಜಾಲರಿಯ ಹತ್ತಿರ ಬಗ್ಗಿ ಕಸ ತೆಗೆಯುತ್ತಿದ್ದೆ. ಒಳಗೆ ನೀರು ಬೀಳುತ್ತಿರುವ ಸದ್ದು ಕೇಳಿತು. ಮೇಲೆ ಅಂಗಳ ಒಣಗಿದೆ, ಕೆಳಗೆ ಇನ್ನೂ ಬೀಳುತ್ತಿದೆ. ಅದೂ ಹತ್ತಿರದಲ್ಲಲ್ಲ, ತುಂಬ ಆಳದಲ್ಲಿ. ತುಂಬಿದ ಬಾವಿಯಲ್ಲಿ ನೀರು ಬೀಳಲು ಅಷ್ಟು ಖಾಲಿ ಜಾಗ ಎಲ್ಲಿಂದ ಬಂತು ಎಂದು ಅಲ್ಲೇ ಕುಕ್ಕರುಗಾಲಲ್ಲಿ ಕೂತು ಯೋಚಿಸಿದೆ. ಮುಖಕ್ಕೆ ತಣ್ಣನೆಯ ಗಾಳಿ ಬಡಿಯಿತು. ಕೊಳೆತ ಮರದ ವಾಸನೆ ಇತ್ತು ಅದರಲ್ಲಿ.

ಆಗ ನನಗೆ ಬಾವಿ ಮುಚ್ಚಿದ್ದು ನೆನಪಾಯಿತು. ಮಾವನವರು ಮಣ್ಣು ಮಾತ್ರ ಹಾಕಿಸಿರಲಿಲ್ಲ. ತೋಟದಲ್ಲಿ ಕಡಿದ ತೆಂಗಿನ ಬೊಡ್ಡೆಗಳು, ಕೆಡವಿದ ಪಂಪ್‌ಹೌಸಿನ ತೊಲೆ, ಹಸಿ ಇಟ್ಟಿಗೆ, ಎಲ್ಲ ಅದರೊಳಗೇ ಹೋಗಿತ್ತು. ಟ್ರಾಕ್ಟರ್ ಹಿಂದಕ್ಕೆ ಬಂದು ಬಂದು ಸುರಿಯುವುದನ್ನು ನಾನೇ ಬಾಗಿಲಲ್ಲಿ ನಿಂತು ನೋಡಿದ್ದೆ. ಇಷ್ಟು ವರ್ಷ ಒಳಗೊಳಗೇ ಕೊಳೆಯುತ್ತಾ ಬಿದ್ದಿದ್ದ ಆ ಬೊಡ್ಡೆಗಳ ಮೇಲೆ ನಾವೀಗ ಇಡೀ ಬೀದಿಯ ನೀರು ಬಿಡುತ್ತಿದ್ದೆವು.

ಸಂಜೆ ಹೇಳಿದೆ. ಇವರು ಟಿವಿಯಿಂದ ಕಣ್ಣು ತೆಗೆಯದೆ, "ನೀರು ನಿಂತ್ರೂ ಬೈತೀಯ, ಹೋದ್ರೂ ಬೈತೀಯ. ನಿಂಗೇನ್ ಬೇಕು ಹೇಳ್ಬಿಡು ಕಣೇ" ಎಂದರು.

ಅದಾದ ಮೇಲೆ ದಿನಾ ಬೆಳಿಗ್ಗೆ ಗೇಟಿನ ಒಳಗೆ ರಂಗೋಲಿ ಹಾಕುವಾಗ ನೆಲ ನೋಡುವುದೇ ನನ್ನ ಕೆಲಸವಾಯಿತು. ಮೊದಲು ಜಾಲರಿಯ ಪಕ್ಕ ಕೂದಲಷ್ಟು ಬಿರುಕು ಕಾಣಿಸಿತು. ಹೊಸ ಕಾಂಕ್ರೀಟು ಬಿರುಕು ಬಿಡುತ್ತದೆ ಬಿಡು ಅಂದುಕೊಂಡೆ. ಇನ್ನೊಂದು ಮಳೆಯಾದ ಮೇಲೆ ಎಳೆದ ರಂಗೋಲಿ ಗೆರೆಯ ಪುಡಿ ಆ ಬಿರುಕಿನೊಳಗೆ ಇಳಿದು ಹೋಯಿತು. ಅದರ ಮೇಲೆ ಇನ್ನೊಂದು ಚಿಟಿಕೆ ಹಾಕಿದೆ, ಅದೂ ಹೋಯಿತು. ಬಿರುಕು ನೇರವಾಗಿರಲಿಲ್ಲ, ಬಾಗುತ್ತಿತ್ತು. ದಿನ ಹೋದ ಹಾಗೆ ಅದು ಹಾಲುಗಂಬದ ಗುಂಡಿಯನ್ನು ಬಳಸಿಕೊಂಡು ಬಂತು. ದುಂಡಗೆ. ಬಾವಿಯ ಬಾಯಿ ಎಲ್ಲಿತ್ತೆಂದು ಅದೇ ಗೆರೆ ಎಳೆದು ತೋರಿಸುತ್ತಿದೆ ಎಂದು ಗೊತ್ತಾದಾಗ ರಂಗೋಲಿ ಬಟ್ಟಲು ಅಲ್ಲೇ ಬಿಟ್ಟು ಎದ್ದು ಗೆರೆಯಿಂದಾಚೆ ಬಂದೆ.

ಪಕ್ಕದ ಮನೆ ಕೌಸಲ್ಯಮ್ಮ ಕಾಂಪೌಂಡಿನ ಆಚೆಯಿಂದ ಕರೆದರು. ವಯಸ್ಸಾದವರು, ನನ್ನ ಅಂಗಡಿಯ ಹಳೇ ಗಿರಾಕಿ. "ರೀ ಮಾಲಿನಿ, ನಿಮ್ ಬೋರ್‌ವೆಲ್ ನೀರು ಸರಿಯಾಗಿ ಬರ್ತಿದ್ಯಾ? ನಮ್ಮದ್ರಲ್ಲಿ ಹದಿನೈದು ದಿನದಿಂದ ಬರೀ ಕೆಮ್ಮಣ್ಣು. ಮಡಿ ಬಟ್ಟೆ ಎಲ್ಲ ಕೆಂಪಾಗ್ಹೋಯ್ತು ನೋಡಿ" ಎಂದು ಒದ್ದೆ ಪಂಚೆಯೊಂದನ್ನು ಎತ್ತಿ ತೋರಿಸಿದರು.

ಆ ಮಣ್ಣು ನಮ್ಮದು. ನಮ್ಮ ಅಂಗಳದ ಕೆಳಗಿನದು. ನೀರು ಅದನ್ನು ಕದ್ದುಕೊಂಡು ಪಕ್ಕದ ಮನೆಗೆ ಹೋಗುತ್ತಿದೆ, ಮೇಲೆ ನಮ್ಮ ಕಾಂಕ್ರೀಟು ಬರೀ ಹಪ್ಪಳದ ಹಾಗೆ ನಿಂತಿದೆ. ಕೌಸಲ್ಯಮ್ಮನವರಿಗೆ ಏನೋ ಒಂದು ಉತ್ತರ ಕೊಟ್ಟು ಒಳಗೆ ಬಂದು ಒಂದು ಚೊಂಬು ನೀರು ಕುಡಿದೆ.

ಚಪ್ಪರದ ದಿನ ಅಲ್ಲಿ ಎಷ್ಟು ಜನ ನಿಲ್ಲುತ್ತಾರೆ ಎಂದು ಲೆಕ್ಕ ಹಾಕುವುದೇ ಬೇಡವಾಗಿತ್ತು. ಹೆಂಗಸರೆಲ್ಲ ಕಂಬದ ಸುತ್ತಲೇ ನಿಲ್ಲಬೇಕು. ನಟ್ಟನಡುವೆ, ಕಂಬಕ್ಕೆ ಕೈ ಮುಟ್ಟಿಸಿಕೊಂಡು, ಮದುವಣಗಿತ್ತಿ ನಿಲ್ಲಬೇಕು. ಅಂದರೆ ನನ್ನ ದೀಪಿ.

ಇವರಿಗೆ ಮತ್ತೆ ಹೇಳಿದೆ. ಈ ಸಲ ಬೈಯಲಿಲ್ಲ, ಕೈ ಹಿಡಿದುಕೊಂಡು ಹೇಳಿದೆ. ಪೈಪು ಮುಚ್ಚಿಸೋಣ, ಯಾರಾದರೂ ಇಂಜಿನಿಯರ್ ಕರೆಸಿ ತೋರಿಸೋಣ, ಅಲ್ಲಿಯವರೆಗೆ ಚಪ್ಪರದ ಶಾಸ್ತ್ರ ಛತ್ರದಲ್ಲೇ ಇಟ್ಟುಕೊಳ್ಳೋಣ ಎಂದೆ.

"ಮನೆ ಮುಂದೆ ಚಪ್ಪರ ಇಲ್ದೆ ಮದ್ವೇನಾ?" ಎಂದರು. "ಕುಣಿಗಲ್‌ನೋರು ಏನಂತಾರೆ? ಅಂಗಳ ಸರಿ ಮಾಡ್ಸಕ್ ಆಗ್ಲಿಲ್ಲ, ಛತ್ರಕ್ ಕರೆದ್ರು ಅಂತಾರೆ. ಅಪ್ಪ ಮುಚ್ಚಿದ ಬಾವಿ ಅದು, ಮಾಲಿನಿ. ಆವಯ್ಯ ಕೈ ಹಾಕಿದ್ ಕೆಲ್ಸ ಯಾವತ್ತಾದ್ರೂ ಹಾಳಾಗಿರೋದು ನೋಡಿದೀಯಾ? ಮದ್ವೆ ಮುಗೀಲಿ. ಇಂಜಿನಿಯರ್‌ನೂ ಕರೆಸನ, ಅವ್ರಪ್ಪನ್ನೂ ಕರೆಸನ."

ಮಾರನೆಯ ದಿನ ನನ್ನ ಬಾಯಿ ಮುಚ್ಚಿಸುವುದಕ್ಕೇ ಗೂಡ್ಸ್ ಆಟೋಗೆ ಬೂಸಾ ಮೂಟೆ ತುಂಬಿಸಿಕೊಂಡು ಬಂದರು. ಸರಿಯಾಗಿ ಆ ದುಂಡು ಬಿರುಕಿನ ಮೇಲೆ ತಂದು ನಿಲ್ಲಿಸಿ ಇಳಿದರು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು ಉಸಿರು ಬಿಗಿ ಹಿಡಿದಿದ್ದೆ. ಏನೂ ಆಗಲಿಲ್ಲ. ಸಂಜೆಯವರೆಗೂ ಗಾಡಿ ಅಲ್ಲೇ ನಿಂತಿತ್ತು. "ಇಷ್ಟು ತೂಕ ತಡೆದಿದ್ದು ಐದು ಜನ ಹೆಂಗಸ್ರನ್ನ ತಡಿಯಲ್ವಾ?" ಎಂದು ಕೇಳಿದರು. ಚಿಕ್ಕಬೋರಯ್ಯ ಬಂದು ಸಿಮೆಂಟು ಕಲಸಿ ಬಿರುಕಿಗೆ ತೇಪೆ ಬಳಿದು, "ಎಲ್ಲಾ ಕಾಂಕ್ರೀಟೂ ಬಿರುಕು ಬುಡ್ತದೆ ಅಮ್ಮಾವ್ರೆ, ಸುಮ್ಕಿರಿ" ಎಂದು ಹೋದ.

ಆಮೇಲೆ ಮಳೆ ಹಿಡಿಯಿತು. ಎಲ್ಲೋ ವಾಯುಭಾರ ಕುಸಿತವಂತೆ, ಬಿಡದೆ ಜಿನುಗಿತು, ನಡುನಡುವೆ ಧಾರಾಕಾರ. ಒಂದು ಮಧ್ಯಾಹ್ನ ಇವರು ಬೂಸಾ ಅಂಗಡಿಯಲ್ಲಿದ್ದಾಗ ನಾನು ಹಳೇ ಗೋಣಿಚೀಲಗಳನ್ನು ಸುತ್ತಿ ಸುತ್ತಿ ಪೈಪಿನೊಳಗೆ ತುರುಕಿದೆ. ನೀರು ನಿಂತಿತು. ಅಂಗಳ ತುಂಬಿತು, ಮೆಟ್ಟಿಲು ಹತ್ತಿತು. ನನಗೆ ಎಷ್ಟು ಸಮಾಧಾನವಾಯಿತೆಂದರೆ, ಆ ಕೊಳಕು ನೀರು ನೋಡಿಕೊಂಡು ಬಾಗಿಲಲ್ಲಿ ಕೂತು ಕಾಫಿ ಕುಡಿದೆ. ನೀರು ಮೇಲಿದ್ದರೆ ಮಣ್ಣು ಕೆಳಗಿರುತ್ತದೆ, ಅಷ್ಟೇ ಸಾಕಿತ್ತು.

ಇವರಿಗಿಂತ ಮೊದಲು ದೀಪಿಕಾ ಬಂದಳು. ಕ್ಲಿನಿಕ್ಕಿನಲ್ಲಿ ಲ್ಯಾಬ್ ಕೆಲಸ ಅವಳದು. ಚಪ್ಪಲಿ ಕೈಯಲ್ಲಿ ಹಿಡಿದು ಮೊಣಕಾಲುದ್ದ ನೀರಲ್ಲಿ ನಿಂತು ನನ್ನನ್ನೇ ನೋಡಿದಳು. "ಚೀಲ ನೀನೇ ಹಾಕಿದ್ದಾ?"

"ಹೂಂ."

"ನಿಂಗೆ ಈ ಮದ್ವೆ ಇಷ್ಟ ಇಲ್ಲ ಅಂತ ನೇರವಾಗಿ ಹೇಳ್ಬಿಡಮ್ಮ. ಸಂಗಮೇಶ್ ಅವ್ರ ತಾಯಿ ಜಂಬದೋರು ಅಂತ ಮೊದಲ್ನೇ ದಿನವೇ ಅಂದಿದ್ದೆ ನೀನು. ಈಗ ಬಾವಿ ನೆಪ."

"ಬಾವಿ ನೆಪ ಅಲ್ಲ ಕಣೇ. ನೀನು ನಿಂತ್ಕೊಳೋ ಜಾಗ ಪೊಳ್ಳಾಗಿದೆ."

"ಅಪ್ಪ ಗಾಡಿ ನಿಲ್ಸಿ ತೋರಿಸಿದ್ರಲ್ಲ. ಇನ್ನೇನ್ ಮಾಡ್ಬೇಕು ಅವ್ರು?" ಎಂದು ಅಳುತ್ತಾ ಒಳಗೆ ಹೋದಳು. ಸಂಜೆ ಇವರು ತೋಳು ಮಡಚಿ ಚೀಲಗಳನ್ನೆಲ್ಲ ಎಳೆದು ಹಾಕಿದರು. ನಿಂತಿದ್ದ ನೀರೆಲ್ಲ ಒಂದೇ ಸಲ ಕೆಳಕ್ಕೆ ಇಳಿಯಿತು. ಜಾಲರಿಯ ಹತ್ತಿರ ನೆಲ ಅದುರಿದ್ದು ನನ್ನ ಅಂಗಾಲಿಗೆ ಗೊತ್ತಾಯಿತು. ಇವರಿಗೆ ಗೊತ್ತಾಗಲಿಲ್ಲವೋ, ಗೊತ್ತಾಗಿಯೂ ಸುಮ್ಮನಿದ್ದರೋ, ಇವತ್ತಿಗೂ ತಿಳಿಯದು. ಮದುವೆ ಮುಗಿಯುವವರೆಗೆ ನಾನು ಆ ಮೂಲೆ ಮುಟ್ಟಕೂಡದು ಎಂದು ದೀಪಿಯ ತಲೆಯ ಮೇಲೆ ಕೈ ಇಡಿಸಿ ಆಣೆ ಹಾಕಿಸಿಕೊಂಡರು.

ಚಪ್ಪರದ ಬೆಳಿಗ್ಗೆ ಮಳೆ ಬಿಟ್ಟಿತ್ತು. ಬಿಸಿಲು ಬಂದಿತ್ತು ಕೂಡ. ಅಂಗಳ ಒಣಗಿ ಬೆಳ್ಳಗಿತ್ತು, ನೋಡಿದವರು ಹೊಗಳುವ ಹಾಗೆ. ಶಾಮಿಯಾನದವರು ತೆಂಗಿನ ಗರಿ, ಹಗ್ಗ, ಬಿದಿರು ಗಳಗಳನ್ನೆಲ್ಲ ರಸ್ತೆಯಲ್ಲೇ ಇಳಿಸಿಕೊಂಡು, ಶಾಸ್ತ್ರ ಮುಗಿಯಲಿ ಎಂದು ಕಾಯುತ್ತಾ ಕೂತಿದ್ದರು. ಕುಣಿಗಲ್‌ನಿಂದ ಸರ್ವಮಂಗಳಮ್ಮನವರೂ ಅವರ ಕಡೆಯ ಹೆಂಗಸರೂ ವ್ಯಾನಿನಲ್ಲಿ ಬಂದರು. ಗೇಟಿನೊಳಗೆ ಕಾಲಿಟ್ಟು, ನೆಲ ನೋಡಿ, "ಪರವಾಗಿಲ್ವೇ ಬೀಗರೇ, ಈಗ ಧೈರ್ಯವಾಗಿ ನಡೀಬೋದು" ಎಂದರು. ಇವರ ಮುಖ ನೋಡಬೇಕಿತ್ತು. ಒಂದು ವರ್ಷದಲ್ಲಿ ಅಷ್ಟು ಸಂತೋಷ ನಾನು ಅದರಲ್ಲಿ ಕಂಡಿರಲಿಲ್ಲ.

ಅತ್ತಿ ಕೊಂಬೆಯನ್ನು ಗುಂಡಿಗೆ ಇಳಿಸಿದರು. ದಪ್ಪ ಕೊಂಬೆ, ನೆಟ್ಟಗೆ ನಿಂತಿತು, ಅರಿಶಿನದ ಬಟ್ಟೆ ಕಟ್ಟಿದರು. ದೀಪಿ ಹಸಿರು ಸೀರೆಯಲ್ಲಿ ಕಂಬ ಹಿಡಿದು ನಿಂತಳು. ಬ್ಲೌಸು ನಾನೇ ಹೊಲಿದದ್ದು. ಮುತ್ತೈದೆಯರು ಸುತ್ತ ನಿಂತರು. ತಾಯಿ ಮೊದಲು ಹಾಲು ಎರೆಯಬೇಕು. ಚೊಂಬು ನನ್ನ ಕೈಗೆ ಕೊಟ್ಟರು.

ಎರೆದೆ. ಹಾಲು ಬುಡದಲ್ಲಿ ನಿಲ್ಲಬೇಕು, ಮಣ್ಣು ನೆನೆಯಬೇಕು, ಸುತ್ತ ನೊರೆ ಕಟ್ಟಬೇಕು. ಏನೂ ಕಟ್ಟಲಿಲ್ಲ. ಹಾಲು ನೆಲ ಮುಟ್ಟಿದ್ದೇ ಇಲ್ಲವಾಯಿತು. ಇನ್ನಷ್ಟು ಎರೆದೆ. ಅದೂ ಹೋಯಿತು. ಇಡೀ ಚೊಂಬು ಬಗ್ಗಿಸಿದೆ, ಗುಂಡಿ ಒಣಗಿಯೇ ಇತ್ತು. "ನೋಡ್ರಮ್ಮ, ಗಂಗಮ್ಮ ಎಷ್ಟ್ ಚೆನ್ನಾಗ್ ಕುಡುದ್ಲು" ಎಂದರು ಯಾರೋ ಹಿಂದಿನಿಂದ. ಹೆಂಗಸರು ಸಂತೋಷಪಟ್ಟರು. ನನ್ನ ಕಿವಿಗೆ ಕೆಳಗೆ ಹಾಲು ನೀರಿಗೆ ಬಿದ್ದ ಸದ್ದು ಕೇಳಿಸಿತು. ತಡವಾಗಿ ಕೇಳಿಸಿತು.

ಚೊಂಬು ಕೆಳಗಿಡಲಿಲ್ಲ, ಬಿಸಾಡಿದೆ. ದೀಪಿಯ ರಟ್ಟೆ ಹಿಡಿದು ಗೇಟಿನ ಕಡೆಗೆ ಎಳೆದೆ. "ಎಲ್ರೂ ರೋಡಿಗ್ ಹೋಗಿ. ಕೇಳ್ಬೇಡಿ, ಹೋಗಿ. ನೆಲ ಪೊಳ್ಳಾಗಿದೆ" ಎಂದೆ. ನಾನು ಕೂಗಲಿಲ್ಲ ಎಂದೇ ನನ್ನ ನೆನಪು. ಆದರೆ ನನ್ನ ಮುಖದಲ್ಲಿ ಏನಿತ್ತೋ, ಹೆಂಗಸರೆಲ್ಲ ತಟ್ಟೆ ಆರತಿ ಹಿಡಿದುಕೊಂಡೇ ತಳ್ಳಾಡುತ್ತಾ ರಸ್ತೆಗೆ ಬಂದರು. ಸರ್ವಮಂಗಳಮ್ಮನವರ ಬೆನ್ನಿಗೆ ಕೈ ಹಾಕಿ ನಾನೇ ನೂಕಿದೆ. ಅಂಗಳ ಖಾಲಿಯಾಯಿತು. ಕಂಬ ಒಂದೇ ನಿಂತಿತ್ತು.

ಸರ್ವಮಂಗಳಮ್ಮ ತಿರುಗಿ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಕರೆದು ಕುತ್ತಿಗೆ ಹಿಡಿದು ಆಚೆ ನೂಕೋ ಪದ್ಧತಿ ನಮ್ಮಲ್ಲಿಲ್ಲಮ್ಮ" ಎಂದರು. ಅವರ ಕಡೆಯವರು ವ್ಯಾನಿನ ಬಾಗಿಲು ತೆಗೆದರು. ದೀಪಿ ನನ್ನ ಕೈ ಬಿಡಿಸಿಕೊಳ್ಳಲು ನೋಡುತ್ತಿದ್ದಳು. "ನನ್ ಜೀವನ ಹಾಳ್ ಮಾಡ್ದೆ ಅಮ್ಮ" ಎಂದು ಮೆಲ್ಲಗೆ ಹೇಳಿದಳು.

ಇವರು ಒಳಗೆ ಪೂಜಾ ಸಾಮಾನು ತರಲು ಹೋಗಿದ್ದವರು ಪೋರ್ಟಿಕೋಗೆ ಬಂದರು. ಖಾಲಿ ಅಂಗಳ ನೋಡಿದರು, ಗೇಟಿನಾಚೆ ನಮ್ಮನ್ನೆಲ್ಲ ನೋಡಿದರು, ವ್ಯಾನು ನೋಡಿದರು. ಅರ್ಥವಾಯಿತು. ನನ್ನ ಮೇಲೆ ರೇಗಲಿಲ್ಲ. ಅದೇ ನನ್ನನ್ನು ಈಗ ತಿನ್ನುವುದು. ಸೋತವರ ಹಾಗೆ ನಗುತ್ತಾ ಮೆಟ್ಟಿಲು ಇಳಿದರು.

"ಬೀಗರೇ, ಹೋಗ್ಬೇಡಿ ಇರಿ. ಇವ್ಳಿಗೆ ಸ್ವಲ್ಪ ಹೆದ್ರಿಕೆ. ಏನೂ ಆಗಿಲ್ಲ, ನೋಡಿ ಇಲ್ಲಿ."

"ರೀ, ಬರ್ಬೇಡಿ. ನಿಮ್ ಕಾಲ್ ಹಿಡ್ಕೋತೀನಿ, ಅಲ್ಲೇ ನಿಂತ್ಕೊಳಿ" ಎಂದೆ.

ಬಂದರು. ಕಂಬದ ಹತ್ತಿರ ನಿಂತು ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡು ಬಲಗಾಲೆತ್ತಿ ನೆಲಕ್ಕೆ ಕುಟ್ಟಿದರು. ಏನೂ ಆಗಲಿಲ್ಲ. ವ್ಯಾನು ಹತ್ತುತ್ತಿದ್ದವರು ನಿಂತರು. ಮತ್ತೆ ಕುಟ್ಟಿದರು. ಯಾರೋ ನಕ್ಕರು, ಸರ್ವಮಂಗಳಮ್ಮನವರ ಮುಖವೂ ಸ್ವಲ್ಪ ಸಡಿಲವಾಯಿತು. ಅದನ್ನು ಕಂಡು ಇವರಿಗೆ ಹುರುಪು ಬಂದು, ಮೂಟೆ ಹೊತ್ತು ಬೆಳೆದ ಆ ಮೈಯ ಭಾರವನ್ನೆಲ್ಲ ಹಾಕಿ ಇನ್ನೊಂದು ಸಲ ಕುಟ್ಟಿದರು.

ದೊಡ್ಡ ಸದ್ದೇನೂ ಬರಲಿಲ್ಲ. ಅಟ್ಟದಿಂದ ಬೂಸಾ ಮೂಟೆ ಜಾರಿದಷ್ಟು, ಅಷ್ಟೇ. ಕಂಬದ ಸುತ್ತಲಿನ ಕಾಂಕ್ರೀಟು ಒಳಕ್ಕೆ ಬಾಗಿತು. ಇವರು ಎದೆಯವರೆಗೆ ಇಳಿದು ಸಿಕ್ಕಿಕೊಂಡರು. ಅಡ್ಡ ಬಿದ್ದ ಕೊಂಬೆಯನ್ನು ಒಂದು ಕಂಕುಳಿಗೆ ಕೊಟ್ಟುಕೊಂಡಿದ್ದರು. ಕೆಳಗೆ ಮಣ್ಣು ನೀರಿಗೆ ಬೀಳುತ್ತಿತ್ತು, ಬೀಳುತ್ತಲೇ ಇತ್ತು.

"ಅಪ್ಪಾ" ಎಂದು ದೀಪಿ ನುಗ್ಗಿದಳು. ನಾನು ಎರಡೂ ಕೈಯಲ್ಲಿ ಅವಳ ಸೊಂಟ ಬಳಸಿ ಹಿಡಿದೆ. ಅವಳು ನನಗಿಂತ ಎತ್ತರ, ನನಗಿಂತ ಗಟ್ಟಿ. ಒದ್ದಳು, ಪರಚಿದಳು, ನನ್ನ ಮುಂಗೈ ಕಚ್ಚಿದಳು. ಶಾಮಿಯಾನದವರು ಹಗ್ಗ ಹಗ್ಗ ಎನ್ನುತ್ತಾ ಗಂಟು ಬಿಚ್ಚತೊಡಗಿದರು. ಇವರು ಕತ್ತೆತ್ತಿ ನನ್ನನ್ನು ನೋಡಿದರು. ಕಣ್ಣಲ್ಲಿ ನನ್ನ ಮಾತು ನಂಬಿದ ಗುರುತಿತ್ತು.

"ಮಾಲಿನಿ, ಮಗೀನ ಬಿಡ್ಬೇಡ ಕಣೇ" ಎಂದರು.

ಹಾಗೆಂದವರೇ ಕೈ ಚಾಚಿದರು. ಬೇಕೆಂದು ಚಾಚಿದ್ದಲ್ಲ, ಮುಳುಗುವ ಜೀವ ತಾನಾಗಿ ಚಾಚುತ್ತದೆ. ಗೇಟಿಗೂ ಅವರಿಗೂ ಬಹಳ ದೂರವಿರಲಿಲ್ಲ. ನಾನು ಬಗ್ಗಿ ಒಂದು ಕೈ ಕೊಟ್ಟಿದ್ದರೆ ಬೆರಳಾದರೂ ತಗಲುತ್ತಿತ್ತು. ನನ್ನ ಎರಡು ಕೈಯೂ ದೀಪಿಯ ಸೊಂಟದಲ್ಲಿದ್ದವು. ಬಿಡಲಿಲ್ಲ. ಹಗ್ಗ ಬಿಚ್ಚಿ ತರುವಷ್ಟರಲ್ಲಿ ಕೊಂಬೆ ಮುರಿಯಿತು.

ಅಗ್ನಿಶಾಮಕದವರು ಇವರನ್ನು ಮೇಲಕ್ಕೆತ್ತಿದಾಗ ಸಂಜೆಯಾಗಿತ್ತು. ಕಾಂಪೌಂಡಿನ ಅರ್ಧ, ಗೇಟು, ಪೋರ್ಟಿಕೋದ ಒಂದು ಕಂಬ ಅಷ್ಟರಲ್ಲಿ ಒಳಗೆ ಹೋಗಿದ್ದವು. ಸರ್ವಮಂಗಳಮ್ಮ ಕುಣಿಗಲ್‌ಗೆ ಹೋಗದೆ ರಸ್ತೆಯ ಮೇಲೆಯೇ ನನ್ನ ಪಕ್ಕ ಕೂತಿದ್ದರು.

ಈಗ ನಾನೂ ದೀಪಿಯೂ ಗುಬ್ಬಿಯಲ್ಲಿ ನನ್ನ ಅಣ್ಣನ ಮನೆಯ ಮಹಡಿಯಲ್ಲಿದ್ದೇವೆ. ಮದುವೆ ಇವರು ಹೋಗಿ ವರ್ಷ ತುಂಬಿದ ಮೇಲೆ ಎಂದು ಸರ್ವಮಂಗಳಮ್ಮನವರೇ ಹೇಳಿದ್ದಾರೆ. ದೀಪಿ ಕೆಲಸಕ್ಕೆ ಹೋಗುತ್ತಾಳೆ, ಬರುತ್ತಾಳೆ, ನನ್ನೊಡನೆ ಹೆಚ್ಚು ಮಾತಿಲ್ಲ. ಊಟಕ್ಕೆ ಕೂತಾಗ ಎಂದಾದರೊಮ್ಮೆ, ತಟ್ಟೆ ನೋಡಿಕೊಂಡೇ ಕೇಳುತ್ತಾಳೆ.

"ಒಂದ್ ಕೈ ಬಿಡ್ಬೋದಿತ್ತಲ್ಲಮ್ಮ."

"ಬಿಡ್ಬೋದಿತ್ತು ಕಣೇ" ಎನ್ನುತ್ತೇನೆ.

ಅವಳು ತಟ್ಟೆ ತಳ್ಳಿ ಎದ್ದು ಹೋಗುತ್ತಾಳೆ. ಹೋಗಲಿ. ಎದ್ದು ಹೋಗುವುದಕ್ಕಾದರೂ ಅವಳಿದ್ದಾಳೆ.